ಎಡಕ್ಕೆ ಹೋಗದ ಕೋಳಿ

ಆ ಮನೆಯಲ್ಲಿ ಕಿರುಗುಟ್ಟಿದ ಯಾವ ವಸ್ತುವಿಗೂ ಎರಡನೆಯ ಸಲ ಕಿರುಗುಟ್ಟುವ ಅವಕಾಶ ಸಿಗುತ್ತಿರಲಿಲ್ಲ. ಬಾಗಿಲ ಕೀಲಿರಲಿ, ಕೊಡೆಯ ಕಡ್ಡಿಯಿರಲಿ, ಒಮ್ಮೆ ಮಾವನ ಕನ್ನಡಕದ ಕಾಲು ಕೂಡ, ಸದ್ದು ಮಾಡಿದ್ದೇ ತಡ, ಯಾರಾದರೊಬ್ಬರು ಹೊಲಿಗೆ ಯಂತ್ರದ ಎಣ್ಣೆಬುಡ್ಡಿ ಹಿಡಿದು ಹಾಜರಾಗುತ್ತಿದ್ದರು. ದರ್ಜಿಗಳ ಮನೆ. ಬೀದಿಗೆ ತೆರೆದ ಮುಂದಿನ ಕೋಣೆ ಅಂಗಡಿ, ಹಿಂದಿನದು ಅಡುಗೆಮನೆ, ಮೇಲಿನ ಎರಡು ಮಲಗುವುದಕ್ಕೆ.

ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವಳು ಅತ್ತೆ. ಬೀದಿಯವರೆಲ್ಲ ಅವಳನ್ನು ಮಾಸ್ಟರ್ ಎನ್ನುತ್ತಿದ್ದರು. ಗಂಡನೂ ಹಾಗೇ ಕರೆಯುತ್ತಿದ್ದ, ಅವನದು ಪೂರ್ತಿ ತಮಾಷೆಯೇನಲ್ಲ. ಅವಳು ಎಡಚಿ. ಎಡಗೈಗೆಂದೇ ಮಾಡಿಸಿದ ಅವಳ ಕತ್ತರಿ ಬೇರೆಯವರ ಕೈಗೆ ಹೋದರೆ ಬಟ್ಟೆಯನ್ನು ಕತ್ತರಿಸುತ್ತಿರಲಿಲ್ಲ, ಅಗಿಯುತ್ತಿತ್ತು. ಮಾವ ಇಸ್ತ್ರಿ ಮಾಡಿ ಗುಂಡಿ ಹಚ್ಚುತ್ತಿದ್ದ. ಸೊಸೆ ಯಂತ್ರದ ಮುಂದೆ. ಮಗ ಸಿಟಿ ಬಸ್ಸಿನ ಡ್ರೈವರ್. ಮನೆಯ ಕಸುಬಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು ಊಟದ ತಟ್ಟೆಯಲ್ಲಿ ಆಗಾಗ ದಾರ ಸಿಗುತ್ತದೆ ಎಂಬುದಷ್ಟೇ.

ಸೊಸೆ ಮದುವೆಯಾಗಿ ಬಂದ ಹೊಸದರಲ್ಲೇ ಕತ್ತರಿಸುವುದನ್ನು ಕಲಿಸಿ ಎಂದು ಕೇಳಿದ್ದಳು.

"ಹೊಲಿಗೆ ತಪ್ಪಾದ್ರೆ ಬಿಚ್ಚಬಹುದು," ಎಂದಿದ್ದಳು ಮಾಸ್ಟರ್. "ಕತ್ತರಿಸಿದ್ದನ್ನ ಏನ್ ಮಾಡ್ತೀಯ?"

"ಕಲಿಯೋವಾಗ ಹಳೇ ಬಟ್ಟೆ ಕತ್ತರಿಸ್ತೀನಿ ಅತ್ತೆ."

"ಹಳೇ ಬಟ್ಟೆ ಕತ್ತರಿಸೋಳು ಹಳೇ ಬಟ್ಟೇನೇ ಕತ್ತರಿಸ್ತಾಳೆ."

ಇದರ ಅರ್ಥವೇನೆಂದು ಸೊಸೆಗೆ ಆಗಲೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಮಾತು ಅಲ್ಲಿಗೆ ಮುಗಿದಿತ್ತು. ಆಮೇಲೆ ಹುಟ್ಟಿದ ಮಗಳು ಈಗ ಹೈಸ್ಕೂಲಿನಲ್ಲಿದ್ದಳು.

ಒಂದು ಬೆಳಿಗ್ಗೆ ನೀಲಿ ಗೌನಿನ ಬಟ್ಟೆ ಹಾಸಿಕೊಂಡು ನಿಂತಿದ್ದ ಮಾಸ್ಟರ್ ಎಡಗೈಯಿಂದ ಕತ್ತರಿ ಕೆಳಗೆ ಬಿತ್ತು. ಅವಳು ಕತ್ತರಿ ಬೀಳಿಸಿದ್ದನ್ನು ಅಲ್ಲಿಯವರೆಗೆ ಯಾರೂ ಎಂದೂ ಕಂಡಿರಲಿಲ್ಲವಾದ್ದರಿಂದ ಆ ಸದ್ದಿಗೇ ಮನೆಮಂದಿಯೆಲ್ಲ ಓಡಿ ಬಂದರು. ಸಣ್ಣ ಲಕ್ವ ಎಂದರು ಆಸ್ಪತ್ರೆಯಲ್ಲಿ. ಮನೆಗೆ ಮರಳಿದಾಗ ಮಾತು ನೆಟ್ಟಗಿತ್ತು, ಕಾಲು ತುಸು ಎಳೆಯುತ್ತಿತ್ತು, ಎಡಗೈ ಮಾತ್ರ ಪಕ್ಕದ ಮನೆಯಿಂದ ಎರವಲು ತಂದದ್ದರ ಹಾಗೆ ಮಡಿಲಲ್ಲಿ ಬಿದ್ದಿರುತ್ತಿತ್ತು.

ವ್ಯಾಯಾಮ ಮಾಡಿಸಲು ಆಸ್ಪತ್ರೆಯಿಂದ ಒಬ್ಬ ಹುಡುಗಿ ಬರತೊಡಗಿದಳು. ಕೈಯನ್ನು ತಿರುಗಿಸಿ, ಮಡಿಸಿ, ಬಿಡಿಸಿ, ಕೊನೆಗೆ ಹೆಬ್ಬೆರಳು ಹಿಡಿದು ಹೇಳಿದಳು:

"ಇದು ಹೊರಗಡೆ ಚಾಚ್ಬೇಕು ಆಂಟಿ. ಕತ್ತರಿ ಬಾಯಿ ತೆರೆಯೋದು ಈ ಬೆರಳೇ ಅಲ್ವಾ? ಮನೇಲಿ ವಿಡಿಯೋ ಗೇಮ್ ಇದ್ಯಾ? ಕೈಯಲ್ಲಿ ಹಿಡ್ಕೊಳ್ಳೋ ಅಂಥದ್ದು?"

ಮೊಮ್ಮಗಳ ಮುಖ ಸಣ್ಣದಾಯಿತು. ಇದ್ದದ್ದು ಅವಳ ಹತ್ತಿರ. ಪರೀಕ್ಷೆ ಮುಗಿಯುವ ತನಕ ಅದನ್ನು ಮುಟ್ಟಿದರೆ ಬಸ್ಸಿನ ಚಕ್ರದ ಕೆಳಗೆ ಇಡುತ್ತೇನೆಂದು ಅಪ್ಪ ಹಿಂದಿನ ದಿನವಷ್ಟೇ ಹೇಳಿದ್ದ.

"ಅಪ್ಪ, ನಂಗಲ್ಲ, ಅಜ್ಜಿಗೆ ಔಷಧಿಗೆ!"

"ಔಷಧಿ ಅಂದ್ರೆ ಅಜ್ಜಿ ಹತ್ರಾನೇ ಇರ್ಲಿ. ನೀನು ಅದರ ಸುತ್ತಮುತ್ತ ಕಾಣಿಸ್ಕೊಂಡ್ರೆ ನೋಡು."

ಹೀಗೆ ಆಟದ ಯಂತ್ರ ಮಾಸ್ಟರ್ ವಶಕ್ಕೆ ಬಂತು. ಪಾಠಪುಸ್ತಕದಷ್ಟೇ ಗಾತ್ರ, ನಡುವೆ ಗಾಜು. ಎಡಬದಿಗೆ ಕೂಡಿಸುವ ಚಿಹ್ನೆಯಂಥ ಒಂದು ಗುಂಡಿ. ಅದರ ಯಾವ ತೋಳನ್ನು ಒತ್ತಿದರೆ ಆ ದಿಕ್ಕಿಗೆ ಗಾಜಿನೊಳಗಿನ ಕೋಳಿ ಓಡುತ್ತಿತ್ತು. ಓಣಿಗಳಲ್ಲಿ ಬಿದ್ದ ಮೊಟ್ಟೆಗಳನ್ನೆಲ್ಲ ಅದು ಹೆಕ್ಕಬೇಕು, ಹಿಂದೆ ಬರುವ ನರಿಗೆ ಸಿಕ್ಕಬಾರದು. ಮೊಮ್ಮಗಳು ಒಂದು ಸಂಜೆಯ ಮಟ್ಟಿಗೆ ಅಪ್ಪಣೆ ಪಡೆದು ಕಲಿಸಿಕೊಟ್ಟಳು.

"ಕೋಳಿ ಯಾಕೆ ತನ್ನ ಮೊಟ್ಟೇನ ಬೀದೀಲಿ ಇಟ್ಟಿದೆ?" ಎಂದಳು ಮಾಸ್ಟರ್.

"ಅಜ್ಜಿ, ಅದೆಲ್ಲ ಕೇಳ್ಬಾರ್ದು. ಓಡ್ಸು. ಎಡಕ್ಕೆ, ಎಡಕ್ಕೆ! ಅಯ್ಯೋ, ತಿಂದ್ಬಿಡ್ತು."

"ತಿನ್ಲಿ. ಮೊಟ್ಟೆ ಕಾಯದೇ ಇರೋ ಕೋಳಿ ಇದ್ದೇನು ಪ್ರಯೋಜನ?"

ವ್ಯಾಯಾಮದ ಹುಡುಗಿ ತನ್ನ ಪಾಲಿನ ಭೇಟಿಗಳು ಮುಗಿದ ದಿನ ಒಂದು ನಿಯಮ ಹೇಳಿ ಹೋದಳು. ಮೊದಲ ಓಣಿಯ ಮೊಟ್ಟೆಗಳನ್ನೆಲ್ಲ ಕೋಳಿ ನರಿಗೆ ಸಿಗದೆ ಹೆಕ್ಕಿದ ದಿನ ಮಾಸ್ಟರ್ ಕತ್ತರಿ ಹಿಡಿಯಬಹುದು, ಅಲ್ಲಿಯವರೆಗೆ ಬೇಡ. ಬೇರೆ ಯಾರಾದರೂ ಆಗಿದ್ದರೆ ಅವಳು ಬೀದಿ ತಿರುಗುವಷ್ಟರಲ್ಲಿ ಕತ್ತರಿ ಹಿಡಿದು ನೋಡುತ್ತಿದ್ದರು. ಆದರೆ ಮಾಸ್ಟರ್ ತನ್ನ ಗಂಡನ ಅಂಗಿಯನ್ನೂ ಪ್ರತಿ ಸಲ ಹೊಸದಾಗಿ ಅಳೆದೇ ಕತ್ತರಿಸಿದವಳು. ಅಳತೆ ಎಂದರೆ ಅವಳಿಗೆ ಅಳತೆ.

ಮೊದಮೊದಲು ಎಲ್ಲ ನೆಟ್ಟಗಿತ್ತು. ತಿಂಡಿಗೆ ಬ್ರೆಡ್ಡು, ಮೊಟ್ಟೆ. ತಿಂಡಿ ಮುಗಿದ ಮೇಲೆ ಕೋಳಿ. ಬೆರಳು ನಿಧಾನಕ್ಕೆ ಚಾಚತೊಡಗಿತು. ರಾತ್ರಿ ಊಟಕ್ಕೆ ಬಂದ ಮಗ ಬೂಟು ಬಿಚ್ಚುವ ಮುಂಚೆ ಕೇಳುತ್ತಿದ್ದದ್ದು ಒಂದೇ ಮಾತು: "ಇವತ್ತು ಕೋಳಿ ಎಲ್ಲೀವರೆಗೆ ಹೋಯ್ತು?" ಮಾವ ವರದಿ ಒಪ್ಪಿಸುತ್ತಿದ್ದ. "ಎರಡು ಮೊಟ್ಟೆ ಉಳೀತು, ಅಷ್ಟೇ. ನರಿ ಹೊಟ್ಟೆ ಉಪವಾಸ."

ಈ ನಡುವೆ ಕತ್ತರಿಸುವ ಮೇಜಿಗೆ ಸೊಸೆ ಬಂದಿದ್ದಳು. ಕರೆದವರಿಲ್ಲ, ತಡೆದವರೂ ಇಲ್ಲ. ನೀಲಿ ಗೌನು ಅರ್ಧಕ್ಕೆ ನಿಂತಿತ್ತು, ಯಾರಾದರೂ ಮುಗಿಸಬೇಕಿತ್ತು. ತನ್ನದೇ ಬಲಗೈಯ ಕತ್ತರಿಯಿಂದ ಉಸಿರು ಬಿಗಿಹಿಡಿದು ಕತ್ತರಿಸಿದಳು. ಗೌನಿನವಳು ಕನ್ನಡಿಯ ಮುಂದೆ ಮೂರು ಸುತ್ತು ತಿರುಗಿ, "ಚೆನ್ನಾಗಿ ಕೂತಿದೆ ಮಾಸ್ಟರ್," ಎಂದು ಸೊಸೆಗೆ ಹೇಳಿ, ನಾಲಿಗೆ ಕಚ್ಚಿಕೊಂಡಳು. ಆ ದಿನ ಸೊಸೆ ಆಲೂಗಡ್ಡೆಗೆ ಎರಡು ಸಲ ಉಪ್ಪು ಹಾಕಿದಳು. ಯಾರು ಬೈದರೂ ಅವಳಿಗೆ ಕೇಳಿಸಲಿಲ್ಲ.

ಒಂದು ಬೆಳಿಗ್ಗೆ ಆಟದ ಯಂತ್ರ ಕಿರ್ ಎಂದಿತು. ಎಡಕ್ಕೆ ಒತ್ತಿದಾಗ ಗುಂಡಿ ಸ್ವಲ್ಪ ಬಿಗಿಯಾಗುತ್ತಿತ್ತು, ಬ್ರೆಡ್ಡಿನ ಪುಡಿ ಸೇರಿರಬೇಕು.

"ಗಟ್ಟಿಯಾಗಿದೆ ಇದು," ಎಂದಳು ಮಾಸ್ಟರ್.

ಮಧ್ಯಾಹ್ನ ಅವಳು ಮಲಗಿದ್ದಾಗ ಸೊಸೆ ಆ ಮನೆಯವರು ಮಾಡುವುದನ್ನೇ ಮಾಡಿದಳು. ಗುಂಡಿಯ ಎಡತೋಳಿನ ಸಂದಿಗೆ ಎಣ್ಣೆ ಬಿಟ್ಟು, ಬಟ್ಟೆಚೂರಿನಿಂದ ಒರೆಸಿ, ಮೊದಲಿದ್ದಲ್ಲೇ ಇಟ್ಟಳು. ಪಾಪದ ಕೆಲಸವಂತೂ ಅಲ್ಲ. ನಿಜ ಹೇಳಬೇಕೆಂದರೆ ಅತ್ತೆಗೆಂದು ಅವಳು ಆ ವಾರ ಪ್ರೀತಿಯಿಂದ ಮಾಡಿದ ಕೆಲಸ ಅದೊಂದೇ.

ಕೆಲವು ದಿನ ಗುಂಡಿ ಬೆಣ್ಣೆಯ ಹಾಗೆ ಓಡಿತು. ಆಮೇಲೆ ಕೋಳಿ ಎಡಕ್ಕೆ ತಿರುಗಲು ಅನುಮಾನಿಸತೊಡಗಿತು. ಒಮ್ಮೆ ತಿರುಗುವುದು, ಒಮ್ಮೆ ಇಲ್ಲ. ಕೊನೆಗೊಂದು ದಿನ ಮೇಲೆ, ಕೆಳಗೆ, ಬಲಕ್ಕೆ ಮಾತ್ರ. ಎಡಕ್ಕೆ ಎಂದರೆ ಗೋಡೆಗೆ ಮುಖ ಮಾಡಿ ನಿಂತುಬಿಡುವುದು. ನರಿ ಆರಾಮವಾಗಿ ಬಂದು ತಿನ್ನುತ್ತಿತ್ತು. ತಿಂದಾಗಲೆಲ್ಲ ಯಂತ್ರ ಒಂದು ಪುಟ್ಟ ರಾಗ ಹಾಡುತ್ತಿತ್ತು.

"ನಿನ್ನೆ ಹೋಗ್ತಿತ್ತಲ್ಲ?" ಎಂದ ಮಾವ.

"ನಿನ್ನೆ ನಿನ್ನೆ. ಇವತ್ತು ಬೆರಳು ಕೇಳ್ತಿಲ್ಲ," ಎಂದಳು ಮಾಸ್ಟರ್.

"ಆಸ್ಪತ್ರೆಗೆ ಹೋಗೋಣ್ವಾ?"

"ಕೋಳಿ ಎಡಕ್ಕೆ ಹೋಗ್ತಿಲ್ಲ ಅಂತ ಹೇಳೋಕಾ? ಇನ್ನೊಂದು ವಾರ್ಡಿಗೆ ಕಳಿಸ್ತಾರೆ."

ಅವಳ ಬೆರಳು ಚಾಚುತ್ತಿತ್ತು. ಚಾಚಿ ಒತ್ತುತ್ತಲೂ ಇತ್ತು. ಆದರೆ ಲಕ್ವ ಹೊಡೆದ ಕೈಗೂ ಗಾಜಿನೊಳಗಿನ ಕೋಳಿಗೂ ಜಗಳ ಬಂದರೆ ಮನೆಮಂದಿ ಯಾರ ಮಾತು ನಂಬಬೇಕು? ಎಲ್ಲರೂ ಕೋಳಿಯನ್ನೇ ನಂಬಿದರು. ಮೊದಲು ನಂಬಿದವಳು ಮಾಸ್ಟರ್.

ಸೊಸೆಗೆ ಗೊತ್ತಾದದ್ದು ಒಂದು ಮಧ್ಯಾಹ್ನ. ಅತ್ತೆ ನಿದ್ದೆಯಲ್ಲಿದ್ದಳು, ಮಾವ ಅಂಗಿಗಳನ್ನು ತಲುಪಿಸಲು ಹೋಗಿದ್ದ. ಧೂಳು ಒರೆಸಲೆಂದು ಆಟದ ಯಂತ್ರವನ್ನೆತ್ತಿದವಳು ಸುಮ್ಮನೆ ಕೋಳಿಯನ್ನು ಓಡಿಸಿ ನೋಡಿದಳು. ಬಲಕ್ಕೆ ಹೋಯಿತು. ಮೇಲೆ ಹೋಯಿತು. ಎಡಕ್ಕೆ ಒತ್ತಿದಳು, ಗೋಡೆಗೆ ಮುಖ. ಉಗುರು ಬೆಳ್ಳಗಾಗುವಷ್ಟು ಒತ್ತಿದಳು. ಯಂತ್ರ ರಾಗ ಹಾಡಿತು. ಬೆರಳ ತುದಿ ಮೂಸಿದರೆ ಎಣ್ಣೆಯ ವಾಸನೆ.

ಚಹಾ ಹೊತ್ತಿಗೆ ಹೇಳಬೇಕು ಎಂದುಕೊಂಡಳು. ಹೇಗೆ ಹೇಳುವುದೆಂದೂ ಜೋಡಿಸಿಕೊಂಡಳು: ಅತ್ತೆ, ನಿಮ್ಮ ಬೆರಳಿಗೆ ಏನೂ ಆಗಿಲ್ಲ, ಇದು ನನ್ನ ಕೆಲಸ. ಎಲ್ಲರೂ ನಗುತ್ತಾರೆ, ಅಷ್ಟೇ ತಾನೇ.

ಚಹಾ ತಂದಿಟ್ಟಾಗ ಮಾಸ್ಟರ್ ಮೇಜಿನ ಮೇಲಿದ್ದ ಕಂದು ಕೋಟಿನ ತುಂಡನ್ನು ಬಲಗೈಯಲ್ಲಿ ಎತ್ತಿ ಹಿಡಿದಿದ್ದಳು.

"ಈ ಕಂಕುಳನ್ನ ಯಾರು ಕತ್ತರಿಸಿದ್ದು?"

"ನಾನೇ ಅತ್ತೆ."

"ಕಣ್ಣು ಮುಚ್ಕೊಂಡಾ, ತೆರ್ಕೊಂಡಾ?"

ಮಾವ ಚಹಾದೊಳಗೆ ನಕ್ಕ. ಅಳತೆ ಕೊಡಲು ಬಂದು ಕೂತಿದ್ದ ಗಿರಾಕಿಯೂ ನಕ್ಕ. ಸೊಸೆ ತುಂಡನ್ನು ಇಸಿದುಕೊಂಡು, ಲೋಟಗಳನ್ನೆತ್ತಿ ಒಳಗೆ ನಡೆದಳು. ಜೋಡಿಸಿಟ್ಟುಕೊಂಡಿದ್ದ ಮಾತು ಹಾಗೇ ಉಳಿಯಿತು. ನಾಳೆ ಹೇಳಿದರಾಯಿತು.

ಮರುದಿನ ಒಂದು ಹೋಟೆಲಿನವರು ಬಂದು ಕೆಲಸಗಾರರೆಲ್ಲರ ಸಮವಸ್ತ್ರಕ್ಕೆ ಬಟ್ಟೆ ಇಳಿಸಿದರು. ಮಾಸ್ಟರ್ ಎದ್ದು ನಿಂತರೆ ಅಷ್ಟನ್ನೂ ಅವಳೇ ಕತ್ತರಿಸುತ್ತಾಳೆ, ತಾನು ಮತ್ತೆ ಹೊಲಿಗೆ ಯಂತ್ರದ ಪೆಡಲಿಗೆ. ಈ ಕೆಲಸ ಮುಗಿಯಲಿ ಎಂದುಕೊಂಡಳು ಸೊಸೆ. ಹಾಗೆ ಅಂದುಕೊಳ್ಳುವುದು ಎಷ್ಟು ಸುಲಭವೆಂಬುದು ಅವಳಿಗೇ ಆಶ್ಚರ್ಯ.

ಆ ಕೆಲಸ ಬೇಗ ಮುಗಿಯುವಂಥದ್ದಲ್ಲ. ದಿನ ಕಳೆದ ಹಾಗೆ ಊಟದ ಮೇಜು ಬದಲಾಯಿತು. ಮಾಸ್ಟರ್ ಮೊದಲು ಕೋಳಿಯನ್ನು ಬೈಯುತ್ತಿದ್ದಳು, ಆಮೇಲೆ ಬೆರಳನ್ನು. ಆಮೇಲೆ ಯಾರನ್ನೂ ಬೈಯಲಿಲ್ಲ. ಗಂಜಿ ತಳ ಹಿಡಿದ ದಿನವೂ ಸುಮ್ಮನೆ ಉಂಡಳು. ಮಾವ ಹೌಹಾರಿದ.

"ಸೀದಿದೆ ಮಾಸ್ಟರ್, ನೋಡಿಲ್ವಾ?"

"ಹೌದಾ? ಇರ್ಲಿ ಬಿಡಿ."

ಆ ಮನೆಯಲ್ಲಿ 'ಇರಲಿ ಬಿಡಿ' ಎಂಬ ಮಾತು ಅವಳ ಬಾಯಿಂದ ಅಲ್ಲಿಯವರೆಗೆ ಬಂದಿರಲಿಲ್ಲ.

"ಅಮ್ಮ, ಎಷ್ಟು ವರ್ಷ ದುಡಿದೆ," ಎಂದ ಮಗ. "ಇನ್ನು ಆರಾಮಾಗಿರು. ಇವಳು ನೋಡ್ಕೋತಾಳೆ."

"ನೋಡ್ಕೋತಾಳೆ," ಎಂದಳು ಮಾಸ್ಟರ್. ವ್ಯಂಗ್ಯವಿರಲಿಲ್ಲ. ಅದೇ ದೊಡ್ಡ ಕಷ್ಟ.

ಮರುದಿನದಿಂದ ಅವಳು ಆಟದ ಯಂತ್ರವನ್ನು ಮುಟ್ಟಲಿಲ್ಲ. "ಕೋಳೀನ ನರಿ ಬಾಯಿಗೆ ಹಾಕೋಕೆ ನಾನ್ಯಾಕೆ?" ಹುಡುಗಿ ಹೇಳಿಕೊಟ್ಟ ಉಳಿದ ವ್ಯಾಯಾಮವನ್ನೂ ಬಿಟ್ಟಳು. ಎಡಗೈ ಸ್ವೆಟರಿನ ಜೇಬಿಗೆ ಸೇರಿತು, ಊಟಕ್ಕೂ ಹೊರಗೆ ಬರಲಿಲ್ಲ. ಆ ಜೇಬನ್ನು ನೋಡದೆ ಬಡಿಸುವುದು ಹೇಗೆಂದು ಸೊಸೆ ಕಲಿತಳು. ಬಲಗಡೆಯಿಂದ ಬಡಿಸಿದರಾಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಮಾಸ್ಟರ್ ಸ್ಟೂಲು ಎಳೆದುಕೊಂಡು ಮೇಜಿನ ಪಕ್ಕ ಕೂತಳು.

"ಸೀಮೆಸುಣ್ಣ ತಗೋ. ಭುಜದ ಗೆರೆ ಎಳಿ. ಹಾಗಲ್ಲ. ಮನುಷ್ಯರ ಎರಡು ಭುಜ ಒಂದೇ ಎತ್ತರ ಇರಲ್ಲ. ಚೀಲ ಹೊರೋ ಕಡೆ ತಗ್ಗಿರುತ್ತೆ. ಬಂದೋರನ್ನ ನೆಟ್ಟಗೆ ನಿಲ್ಲಿಸಿ ಅಳೀಬೇಡ. ಏನಾದ್ರೂ ಮಾತಾಡಿಸು, ಮರೆತು ನಿಲ್ತಾರಲ್ಲ, ಆಗ ಅಳಿ."

ಸೊಸೆ ಸೀಮೆಸುಣ್ಣ ಹಿಡಿದು ನಿಂತೇ ಇದ್ದಳು. ಹದಿನೈದು ವರ್ಷದಿಂದ ಎದುರಿಗೇ ನಡೆಯುತ್ತಿದ್ದ ಗುಟ್ಟು ಇದು. ಅತ್ತೆ ಗಿರಾಕಿಗಳ ಹತ್ತಿರ ಹರಟೆ ಹೊಡೆಯುವುದು ಚಟಕ್ಕೆ ಎಂದುಕೊಂಡಿದ್ದಳು.

"ಇದನ್ನ ಮೊದಲೇ ಯಾಕೆ ಹೇಳಿಕೊಡಲಿಲ್ಲ ಅತ್ತೆ?"

"ಹೇಳಿಕೊಟ್ಟಿದ್ರೆ ನಾನು ಯಾಕೆ ಬೇಕಿತ್ತು ಈ ಅಂಗಡಿಗೆ?" ಮಾಸ್ಟರ್ ಬಟ್ಟೆಯ ಸುಕ್ಕನ್ನು ಬಲಗೈಯಿಂದ ಸವರಿದಳು. "ಈಗ ಹೇಗೂ ಬೇಡ. ಎಳಿ ಗೆರೆ."

ಅದೇ ಮಧ್ಯಾಹ್ನ ಸೊಸೆ ಹೊಲಿಗೆ ಯಂತ್ರದ ಸಣ್ಣ ಸ್ಕ್ರೂ ಡ್ರೈವರಿನಿಂದ ಆಟದ ಯಂತ್ರದ ಬೆನ್ನು ಬಿಚ್ಚಿದಳು. ಗುಂಡಿಯ ಕೆಳಗಿನ ತೆಳ್ಳನೆ ರಬ್ಬರಿನ ಎಡಭಾಗದಲ್ಲಿ ಎಣ್ಣೆಯೂ ದಾರದ ಎಳೆಗಳೂ ಸೇರಿ ಕಪ್ಪು ಅಂಟಾಗಿತ್ತು. ಕೋಟಿನ ಕಲೆ ತೆಗೆಯುವ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಒರೆಸಿದಳು, ಒಣಗಿಸಿದಳು, ಮುಚ್ಚಿದಳು. ಕೋಳಿ ಎಡಕ್ಕೆ ಓಡಿತು. ಅವಳಿಗೆ ಕುಣಿಯುವಷ್ಟು ಸಂತೋಷವಾಯಿತು. ಯಾರಿಗೂ ಏನೂ ಹೇಳಬೇಕಿಲ್ಲ. ಅತ್ತೆ ಎತ್ತಿಕೊಳ್ಳುತ್ತಾಳೆ, ಕೋಳಿ ತಿರುಗುತ್ತದೆ, ಬೆರಳು ವಾಸಿಯಾಯಿತೆಂದು ಮನೆಯೆಲ್ಲ ಕುಣಿಯುತ್ತದೆ. ಮೇಜು ಹೋದರೆ ಹೋಗಲಿ.

"ಒಂದ್ಸಲ ಆಡಿ ನೋಡಿ ಅತ್ತೆ."

"ಬೇಡ."

"ಇವತ್ತು ಹೋಗುತ್ತೇನೋ."

"ನಿಂಗೆ ಹೇಗೆ ಗೊತ್ತು?"

ಸೊಸೆ ಈರುಳ್ಳಿ ಹೆಚ್ಚಲು ಹೋದಳು. ಮರುದಿನ ಕೇಳಿದಳು, ಅದರ ಮರುದಿನವೂ ಕೇಳಿದಳು. ಮಾಸ್ಟರ್ ಮುಟ್ಟಲಿಲ್ಲ.

ಪರೀಕ್ಷೆ ಮುಗಿದ ದಿನ ಮೊಮ್ಮಗಳು ಚೀಲವನ್ನು ಮೂಲೆಗೆಸೆದು, ಬೂಟಿನಲ್ಲೇ ಅಡುಗೆಮನೆಗೆ ನುಗ್ಗಿದಳು. ಅವಳಪ್ಪನಿಗೂ ಆ ಸಂಜೆ ರಜೆ; ಎಲ್ಲರೂ ಮೇಜಿನ ಸುತ್ತ ಇದ್ದರು.

"ಕೊಡಜ್ಜಿ ನನ್ನ ಯಂತ್ರ! ಅಲ್ಲ, ತಾಳು, ಮೊದಲು ನೀನು ಆಡು. ಎಷ್ಟು ಕಲ್ತಿದೀಯ ನೋಡೋಣ."

"ನಂಗಾಗಲ್ಲ ಮರಿ."

"ಆಗುತ್ತೆ ಅಜ್ಜಿ, ಜೇಬಿಂದ ಕೈ ತೆಗಿ. ತೆಗಿ ಅಂದ್ರೆ!"

ಹುಡುಗಿಯೇ ಕೈ ಹಾಕಿ ಆ ಕೈಯನ್ನು ಎಳೆದಳು. ವಾರಗಟ್ಟಲೆ ಸುಮ್ಮನಿದ್ದ ಕೈ ಮಡಿಸಿಕೊಂಡು ಬಿಗಿದಿತ್ತು. ಯಂತ್ರವನ್ನು ಅದರಲ್ಲಿಟ್ಟಳು. ಮಾಸ್ಟರ್ ತುಟಿ ಕಚ್ಚಿ ಹೆಬ್ಬೆರಳನ್ನು ಎಡಕ್ಕೆ ಕಳಿಸಿದಳು. ಬೆರಳು ಗುಂಡಿಯ ನಡುವಿನವರೆಗೆ ತೆವಳಿ, ನಡುಗಿ, ನಿಂತಿತು. ನರಿ ಬಂತು; ಯಂತ್ರ ರಾಗ ಹಾಡಿತು.

"ಕೊಡಿಲ್ಲಿ, ಕೆಟ್ಟಿದ್ಯೋ ಏನೋ," ಎಂದು ಮೊಮ್ಮಗಳು ಕಿತ್ತುಕೊಂಡು ಒತ್ತಿದಳು. ಕೋಳಿ ಎಡಕ್ಕೆ ಬಾಣದಂತೆ ಓಡಿ ಮೊಟ್ಟೆಗಳನ್ನೆಲ್ಲ ಹೆಕ್ಕಿತು.

"ಕೋಳಿ ಸರಿಯಾಗೇ ಇದೆ," ಎಂದಳು ಮಾಸ್ಟರ್, ಕೈಯನ್ನು ಮತ್ತೆ ಜೇಬಿಗಿಡುತ್ತ. "ಅದ್ರದ್ದೇನೂ ತಪ್ಪಿಲ್ಲ."

ಸೊಸೆಯ ಕೈಯಲ್ಲಿದ್ದ ಪಾತ್ರೆ ಒಲೆಗೆ ತಾಗಿ ಸದ್ದಾಯಿತು.

"ಸರಿಯಾಗಿರಲಿಲ್ಲ!" ಎಂದಳು. "ಕೆಟ್ಟಿತ್ತು ಅದು. ನಾನೇ ಕೆಡಿಸಿದ್ದು. ಎಣ್ಣೆ ಹಾಕ್ದೆ. ನಿಮ್ಮ ಬೆರಳು ಆಗ ಸರಿಯಾಗಿತ್ತು ಅತ್ತೆ. ನನಗೆ ಗೊತ್ತಿತ್ತು, ಹೇಳಲಿಲ್ಲ. ಮೊನ್ನೆ ಬಿಚ್ಚಿ ಕ್ಲೀನ್ ಮಾಡ್ದೆ."

ಮಾವ ಎದ್ದು ಬಂದು ಅವಳ ತಲೆ ಸವರಿದ.

"ಸಾಕು ತಾಯಿ. ಅವಳಿಗೆ ನೋವಾಗ್ಬಾರ್ದು ಅಂತ ನಿನ್ನ ಮೇಲೆ ಹಾಕ್ಕೋಬೇಡ."

"ಮಾವ, ನಿಜ ಹೇಳ್ತಿದೀನಿ."

"ಗೇಮಿಗೆ ಯಾರಾದ್ರೂ ಎಣ್ಣೆ ಹಾಕ್ತಾರೇನೇ?" ಗಂಡ ಮೆಲ್ಲಗೆ ನಕ್ಕ. ಅವನ ಕಣ್ಣು ಒದ್ದೆಯಾಗಿತ್ತು. "ನೋಡಮ್ಮ, ಇಂಥ ಸೊಸೆ ಯಾರಿಗ್ ಸಿಗ್ತಾಳೆ?"

ಸೊಸೆ ಎಲ್ಲರ ಮುಖ ನೋಡಿದಳು. ಸಾಕ್ಷಿಯನ್ನು ಅವಳೇ ಸ್ಪಿರಿಟ್ಟಿನಲ್ಲಿ ತೊಳೆದಿದ್ದಳು. ಆ ರಾತ್ರಿ ಊಟದಲ್ಲಿ ದೊಡ್ಡ ಮೀನಿನ ತುಂಡನ್ನು ಗಂಡ ಅವಳ ತಟ್ಟೆಗೆ ಹಾಕಿದ. ಅವಳು ಅದನ್ನು ತಿಂದಳು. ತಿನ್ನದಿದ್ದರೆ ಇನ್ನೊಂದು ತುಂಡು ಹಾಕುವಂತಿದ್ದ.

ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆದಾಗ ಮಾಸ್ಟರ್ ಆಗಲೇ ಸ್ಟೂಲಿನ ಮೇಲಿದ್ದಳು.

"ನಿನ್ನೆ ಹೇಳಿದ್ದು ನಿಜಾನಾ?"

"ನಿಜ ಅತ್ತೆ."

"ಯಾವತ್ತಿಂದ ಗೊತ್ತಿತ್ತು?"

"ನೀವು ಕಂಕುಳು ಯಾರು ಕತ್ತರಿಸಿದ್ದು ಅಂತ ಬೈದ್ರಲ್ಲ, ಅವತ್ತಿಂದ."

ಮಾಸ್ಟರ್ ಯೋಚಿಸಿದಳು. "ಅವತ್ತು ನಾನು ಬೈದದ್ದು ತಪ್ಪಾ?"

"ಇಲ್ಲ. ಕಂಕುಳು ವಾರೆ ಇತ್ತು."

"ಹೂಂ." ಮಾಸ್ಟರ್ ಬೀದಿಯತ್ತ ತಿರುಗಿದಳು. ಹಾಲಿನ ಗಾಡಿ ಹೋಯಿತು. "ಅವರ ಹತ್ರ ಮತ್ತೆ ಹೇಳೋಕೆ ಹೋಗ್ಬೇಡ. ನಂಬದೇ ಇರೋರ ಮುಂದೆ ಎರಡೆರಡು ಸಲ ಒಪ್ಕೊಂಡ್ರೆ ನೀನು ದೇವತೆಯಾಗ್ಬಿಡ್ತೀಯ. ನಂಗೆ ಅಂಗಡೀಲಿ ದೇವತೆ ಬೇಡ."

"ಅತ್ತೆ, ನಾನು..."

"ಆ ಯಂತ್ರ ತಂದುಕೊಡು. ಮರಿ ಇನ್ನೂ ಎದ್ದಿಲ್ಲ ತಾನೇ?"

ಸೊಸೆ ತಂದುಕೊಟ್ಟಳು. ಮಾಸ್ಟರ್ ಎಡಗೈಯನ್ನು ಜೇಬಿನಿಂದ ಬಲಗೈಯಲ್ಲಿ ಎತ್ತಿ ತೆಗೆದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಯಂತ್ರವನ್ನು ಅದರಲ್ಲಿ ಕೂರಿಸಿಕೊಂಡಳು.

"ನೀನು ನಿನ್ನ ಕೆಲಸ ಮಾಡು."

ಹೋಟೆಲಿನವರ ಬಟ್ಟೆ ಹಾಸಿತ್ತು. ಸೊಸೆ ಕತ್ತರಿ ತೆಗೆದು ಗೆರೆಯ ತುದಿಗಿಟ್ಟಳು. ಬೆನ್ನ ಹಿಂದೆ ನರಿ ತಿಂದ ರಾಗ ಕೇಳಿಸಿತು. ಅವಳು ಕತ್ತರಿಸುತ್ತ ಹೋದಳು. ಮತ್ತೆ ರಾಗ. ಭುಜದ ತಿರುವು ಬಂತು. ಹಿಂದೆ ಅತ್ತೆಯ ಉಸಿರು ಭಾರವಾಯಿತು, ಗುಂಡಿಯ ಮೇಲೆ ಉಗುರು ಜಾರಿದ ಸಣ್ಣ ಸದ್ದು. ಸೊಸೆಯ ಕೈ ತಾನಾಗಿ ನಿಂತಿತು, ಕತ್ತರಿ ಬಾಯಿ ತೆರೆದ ಹಾಗೆಯೇ.

ರಾಗ ಕೇಳಿಸಿತು.

"ತಿರುವಿನಲ್ಲಿ ನಿಲ್ಲಿಸಬೇಡ," ಎಂದಳು ಮಾಸ್ಟರ್ ಗಾಜಿನಿಂದ ತಲೆಯೆತ್ತದೆ. "ಗುರುತು ಬೀಳುತ್ತೆ."